ಕೋಚ್ ಡೋನಲ್ ಶಿಕಾಗೋಗೆ ಹೊರಟದ್ದು

ಟೈರು ಪಂಕ್ಚರ್ ಆಗಬಹುದಿತ್ತು. ಸ್ಪೇರ್ ಟೈರಿನಲ್ಲೂ ಗಾಳಿ ಇಲ್ಲದಿರಬಹುದಿತ್ತು. ಸರೋವರದ ಕಡೆಯಿಂದ ಅಕ್ಟೋಬರಿನಲ್ಲೇ ಹಿಮ ಸುರಿದು ಹೈವೇ ಮುಚ್ಚಿಹೋಗಬಹುದಿತ್ತು. ಹಿಂದಿನ ಸೀಟಿನಲ್ಲಿ ಮಗಳು ಅನಘಾಗೆ ವಾಂತಿ ಬರಬಹುದಿತ್ತು. ಅದನ್ನು ನೋಡಿ ಅವಳಮ್ಮನಿಗೆ, ಇಬ್ಬರನ್ನೂ ಕನ್ನಡಿಯಲ್ಲಿ ನೋಡಿ ನನಗೆ. ಕಲಮಜೂ ಹತ್ತಿರ ಜಿಂಕೆಯೊಂದು ಬದುಕು ಬೇಸರವಾಗಿ ನಮ್ಮ ಕಾರನ್ನೇ ಆರಿಸಿಕೊಳ್ಳಬಹುದಿತ್ತು. ಎಕ್ಸಿಟ್ ತಪ್ಪಿ, ಶಿಕಾಗೋ ಬದಲು ಒಹಾಯೋ ಸೇರಬಹುದಿತ್ತು. ಡೋನಲ್‌ನ ಸೊಂಟ ನಾಲ್ಕು ಗಂಟೆ ಕೂತು ಹಿಡಿದುಕೊಂಡು, ಅವನನ್ನು ಸೀಟಿನ ಸಮೇತ ಇಳಿಸಬೇಕಾಗಬಹುದಿತ್ತು. ಪುಳಿಯೋಗರೆ ಡಬ್ಬಿಯ ಮುಚ್ಚಳ ಬಿಚ್ಚಿಕೊಳ್ಳಬಹುದಿತ್ತು. ಚೆಂಡು ಅನಘಾಳ ಹೆಲ್ಮೆಟ್ಟಿನ ಕಂಬಿಗಳ ಮಧ್ಯೆ ತೂರಬಹುದಿತ್ತು. ಈ ಸಾಲಿನ ಎದುರು ‘ಸ್ಕೇಲ್ ಇಟ್ಟು ಅಳೆದೆ, ತೂರುವುದಿಲ್ಲ’ ಎಂದು ಬರೆದುಕೊಂಡಿದ್ದೇನೆ. ಅರ್ಧ ದಾರಿಯಲ್ಲಿ ಡೋನಲ್ ‘ಕಾರು ತಿರುಗಿಸು’ ಅನ್ನಬಹುದಿತ್ತು. ಕಡೆಯ ಸಾಲು: ಮಾರ್ಟಿನ್ ಡೋನಲ್‌ನ ಮುಖ ನೋಡದೆ ಹೋಗಬಹುದು. ಅದರ ಎದುರು ಪರಿಹಾರದ ಜಾಗ ಖಾಲಿ.

ಈ ಕಾಗದ ಮೊನ್ನೆ ಕಾರಿನ ಗ್ಲೋವ್ ಬಾಕ್ಸಿನಲ್ಲಿ ಇನ್ಶೂರೆನ್ಸ್ ಕಾರ್ಡ್ ಹುಡುಕುವಾಗ ಸಿಕ್ಕಿತು. ನಾಲ್ಕು ಮಡಿಕೆ, ಎರಡೂ ಬದಿ, ನನ್ನದೇ ಕೋಳಿಕಾಲಿನ ಅಕ್ಷರ. ಬೇರೆಯವರು ಪ್ರವಾಸದ ಫೋಟೋ ನೋಡಿ ಹಳೆಯದನ್ನು ನೆನೆಸಿಕೊಳ್ಳುತ್ತಾರೆ. ನನಗೆ ಆಗದೇ ಹೋದ ಅನಾಹುತಗಳ ಪಟ್ಟಿಯೇ ಆಲ್ಬಮ್ಮು. ಗರಾಜಿನಲ್ಲೇ, ಕಾರಿನ ಬಾಗಿಲು ತೆಗೆದಿಟ್ಟುಕೊಂಡು, ಬ್ಯಾಟರಿ ಖಾಲಿಯಾದೀತು ಎಂಬ ಭಯದ ನಡುವೆಯೂ ಪೂರ್ತಿ ಓದಿದೆ.

ನಗಬೇಡಿ. ನನಗೆ ಸಂಬಳ ಬರುವುದೇ ಈ ಕೆಲಸಕ್ಕೆ. ಡೆಟ್ರಾಯಿಟ್ ಪಕ್ಕದ ಲಿವೋನಿಯಾದ ಒಂದು ಕಂಪನಿಯಲ್ಲಿ ಕಾರಿನ ಬಾಗಿಲಿನ ಬೀಗಗಳು ಯಾವ ಯಾವ ರೀತಿಯಲ್ಲಿ ಕೈಕೊಡಬಹುದು ಎಂದು ಪಟ್ಟಿ ಮಾಡುವವನು ನಾನು. ಆರು ಜನ ಕಾಫಿ ಇಟ್ಟುಕೊಂಡು ಸುತ್ತ ಕೂರುತ್ತೇವೆ. ಮಗು ಒಳಗಿದ್ದು ಅಪ್ಪ ಹೊರಗಿದ್ದರೆ? ಅಪ್ಪ ಒಳಗಿದ್ದು ಕೀ ಹೊರಗಿದ್ದರೆ? ಇಬ್ಬರೂ ಹೊರಗಿದ್ದು, ನಾಯಿ ಒಳಗಿದ್ದು, ಅದು ಗುಂಡಿಯ ಮೇಲೆ ಕಾಲಿಟ್ಟರೆ? ಉಳಿದ ಐವರು ಐದು ಗಂಟೆಗೆ ಇದನ್ನು ಆಫೀಸಿನಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ನಾನು ಜೊತೆಗೆ ತರುತ್ತೇನೆ.

ಇದು ಅಮ್ಮನ ಕಡೆಯಿಂದ ಬಂದದ್ದು. ಹರಿಹರದ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ನಾವಿದ್ದಾಗ, ದಾವಣಗೆರೆಗೆ ಒಂದು ಸೀರೆ ತರಲು ಹೋಗುವುದಿದ್ದರೂ ಅಮ್ಮ ಬೀಗ ಹಾಕಿ ಮೂರು ಸಲ ಜಗ್ಗಿ, ಗೇಟಿನ ತನಕ ಬಂದು, ವಾಪಸ್ ಹೋಗಿ ನಾಲ್ಕನೇ ಸಲ ಜಗ್ಗಿ, ಬಸ್ಸಿನಲ್ಲಿ ಕೂತ ಮೇಲೆ “ಸ್ಟವ್ ಆರ್ಸಿದ್ನೇನೋ?” ಅನ್ನುತ್ತಿದ್ದರು. ಅಪ್ಪ ಅದೇ ಫ್ಯಾಕ್ಟರಿಯ ಟೂಲ್ ರೂಮಿನವರು. ಕಿಟಕಿಯಾಚೆ ನೋಡುತ್ತಾ “ಆರ್ಸಿದೀಯ” ಅನ್ನುತ್ತಿದ್ದರು. ಅವರು ನೋಡಿರುತ್ತಿರಲಿಲ್ಲ. ಒಟ್ಟಿನಲ್ಲಿ ಸಂಸಾರ ನಡೆಯಲು ಹಾಗೆ ಹೇಳುವವರು ಒಬ್ಬರು ಬೇಕು. ನಮ್ಮ ಮನೆಯಲ್ಲಿ ಈಗ ಆ ಪಾತ್ರ ನನ್ನ ಹೆಂಡತಿ ವೀಣಾಳದು.

ಇಷ್ಟೆಲ್ಲಾ ಇದ್ದವನ ಮಗಳು, ಹತ್ತಡಿ ದೂರದಿಂದ ಕಲ್ಲಿನಂಥ ಚೆಂಡನ್ನು ಬೀಸಿ ಹೊಡೆಯುವ ಆಟಕ್ಕೆ ಸೇರಿದ್ದು ಹೇಗೆ? ಅದಕ್ಕೆ ನಮ್ಮ ಮನೆ ಮುಂದಿನ ಮರ ಕಾರಣ.

ನಮ್ಮ ಕ್ಯಾಂಟನ್ ಊರಿನಲ್ಲಿ ಒಂದು ಕಾಲಕ್ಕೆ ಆ್ಯಶ್ ಅನ್ನುವ ಜಾತಿಯ ಮರಗಳು ಬೀದಿ ಬೀದಿಗೂ ಇದ್ದವಂತೆ. ಒಂದು ಹಸಿರು ಹುಳ ಬಂದು ಎಲ್ಲವನ್ನೂ ಒಳಗಿಂದ ಕೊರೆದು ಸಾಯಿಸಿತು. ನಾವು ಮನೆ ಕೊಳ್ಳುವ ಹೊತ್ತಿಗೆ ಬಡಾವಣೆಯಲ್ಲಿ ಉಳಿದಿದ್ದದ್ದು ನಮ್ಮ ಲಾನಿನ ಒಂದೇ ಒಂದು, ಅದೂ ವರ್ಷಕ್ಕೊಂದು ಇಂಜೆಕ್ಷನ್ ಮೇಲೆ. ಕಡೆಗೆ ಅದೂ ಒಣಗಿತು. ಕಡಿಯುವವರು ಬಂದ ದಿನ ಬೆಳಿಗ್ಗೆ ಬೆಲ್ಲಾಯಿತು. ಬಾಗಿಲಲ್ಲಿ ಕೆಂಪು ಮುಖದ, ಬೆಳ್ಳನೆ ಹುಬ್ಬಿನ ಒಬ್ಬ ಮುದುಕ. ಹಿಂದೆ ಬಡಗಿ ಸಾಮಾನು ತುಂಬಿದ ಪಿಕಪ್ ಟ್ರಕ್.

“ನಿಮ್ಮ ಮರದ ಬುಡ ನನಗೆ ಬೇಕು” ಅಂದ.

ಅವನ ಇಂಗ್ಲಿಷು ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನದು ಅವನಿಗೆ ಅರ್ಧ. ಎರಡೂ ಸೇರಿ ಒಂದು ಪೂರ್ತಿ ಮಾತುಕತೆ ನಡೆಯಿತು. ಇಲ್ಲಿ ಅವನ ಮಾತನ್ನು ನಮ್ಮ ಭಾಷೆಯಲ್ಲೇ ಬರೆಯುತ್ತೇನೆ. ಅವನು ಬುಡ ಅಗೆಯುವಾಗ ಸೊಂಟ ಉಳುಕಿಸಿಕೊಂಡು ನನ್ನ ಮೇಲೆ ಕೇಸು ಹಾಕಿದರೆ ಎಂದು ಯೋಚಿಸಿ, ಐದು ನಿಮಿಷ ನಿಲ್ಲಲು ಹೇಳಿ, ಒಳಗೆ ಹೋಗಿ ಒಂದು ಪುಟದ ಒಪ್ಪಂದ ಟೈಪ್ ಮಾಡಿ ತಂದೆ. ಅವನು ಓದದೆ ಸಹಿ ಹಾಕಿದ. ಓದಿ ಎಂದು ಒತ್ತಾಯಿಸಿದೆ. ಓದಿ, “ಇದರಲ್ಲಿ ಸಿಡಿಲು ಬಡಿಯೋದು ಬಿಟ್ಟಿದೀಯ” ಅಂದ. ಸೇರಿಸಿದೆ.

ಅವನೇ ಡೋನಲ್. ಐರ್ಲೆಂಡಿನವನು, ಬಡಗಿ, ಹರ್ಲಿಂಗ್ ಎಂಬ ಆಟದ ಕೋಚು. ಹಾಕಿ ಕೋಲಿಗಿಂತ ತುದಿ ಅಗಲವಾದ ಒಂದು ಕೋಲು, ಕ್ರಿಕೆಟ್ ಚೆಂಡಿನ ಗಾತ್ರದ ಒಂದು ಚೆಂಡು. ಅದನ್ನು ನೆಲದಲ್ಲಿ ಹೊಡೆಯಬಹುದು, ಗಾಳಿಯಲ್ಲಿ ಹೊಡೆಯಬಹುದು, ಕೋಲಿನ ತುದಿಯಲ್ಲಿ ಕೂರಿಸಿಕೊಂಡು ಓಡಬಹುದು. ಹಾಕಿ, ಚಿನ್ನಿದಾಂಡು, ಬೀದಿ ಜಗಳ ಮೂರನ್ನೂ ಒಂದೇ ಮೈದಾನದಲ್ಲಿ ಒಟ್ಟಿಗೆ ನಡೆಸಿದರೆ ಹೇಗಿರುತ್ತದೋ ಹಾಗೆ. ಆ ಕೋಲು ಆ್ಯಶ್ ಮರದ್ದೇ ಆಗಬೇಕು, ಅದೂ ಬುಡದ್ದೇ. ಕಾಂಡ ಬೇರಿಗೆ ತಿರುಗುವ ಜಾಗದಲ್ಲಿ ಮರದ ಎಳೆಯೇ ಬಾಗಿರುತ್ತದೆ. ಕೋಲಿನ ತಿರುವು ಅಲ್ಲಿಂದ ಬರಬೇಕು. ಬಗ್ಗಿಸಿ ಮಾಡಿದರೆ ಮುರಿಯುತ್ತದೆ, ಬಾಗಿ ಹುಟ್ಟಿದ್ದು ತಡೆಯುತ್ತದೆ ಎಂದು ಡೋನಲ್ ವಿವರಿಸಿದ. ಮೂರು ವಾರದ ಮೇಲೆ ನಮ್ಮದೇ ಮರದ ಒಂದು ಪುಟ್ಟ ಕೋಲು ತಂದು, ಬಾಗಿಲ ಹಿಂದೆ ಇಣುಕುತ್ತಿದ್ದ ಅನಘಾಳ ಕೈಗೆ ಕೊಟ್ಟ. ಅವಳಿಗಾಗ ಏಳು. “ಈಸ್ ಇಟ್ ಫಾರ್ ಹಿಟಿಂಗ್?” ಅಂದಳು. “ಎಸ್” ಅಂದ. ಮುಗಿಯಿತು. ಭರತನಾಟ್ಯದ ಗೆಜ್ಜೆ ಆ ವಾರವೇ ಬೀರು ಸೇರಿತು.

ನನಗೂ ಕೋಲಿಗೂ ಹಳೆಯ ನಂಟುಂಟು. ಕ್ವಾರ್ಟರ್ಸಿನ ಹಾಕಿ ತಂಡದಲ್ಲಿ ನಾನು ಗೋಲ್‌ಕೀಪರ್. ಪ್ರತಿಭೆಯಿಂದಲ್ಲ, ಓಡುವುದು ತಪ್ಪುತ್ತದೆ ಎಂದು. ನೆಲ ಪೂರ್ತಿ ಗರಸು. ಕಾಲಿಗೆ ಲಾರಿ ಟ್ಯೂಬಿನ ತುಂಡು ಕಟ್ಟಿಕೊಂಡು ನಿಂತು, ಚೆಂಡು ನನ್ನ ಕಡೆ ಬರದಿರಲಿ ಎಂದು ಇಡೀ ಮ್ಯಾಚು ಪ್ರಾರ್ಥಿಸುವುದು ನನ್ನ ಶೈಲಿ. ಒಮ್ಮೆ ಭದ್ರಾವತಿ ತಂಡದ ಮೇಲೆ ಹನ್ನೊಂದು ಗೋಲು ಬಿಟ್ಟೆ. ಮನೆಗೆ ಬಂದಾಗ ಅಪ್ಪ ಕೇಳಿದ್ದು ಒಂದೇ: “ಪೆಟ್ಟೇನೂ ಆಗ್ಲಿಲ್ವಲ್ಲ?” ಆಗಿರಲಿಲ್ಲ. ಪೆಟ್ಟಾಗಬೇಕಾದರೆ ಚೆಂಡಿನ ದಾರಿಗೆ ಅಡ್ಡ ಬರಬೇಕು.

ಆದ್ದರಿಂದ ಶನಿವಾರದ ಪ್ರಾಕ್ಟೀಸುಗಳಲ್ಲಿ ಪಾರ್ಕಿನ ಅಂಚಿನಲ್ಲಿ, ಬ್ಯಾಂಡೇಜು, ಐಸು, ಹತ್ತಿರದ ಆಸ್ಪತ್ರೆಯ ವಿಳಾಸ ಸಮೇತ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದವನು ನಾನು. ಸೊಂಟನೋವಿನಿಂದ ನಿಲ್ಲಲಾರದೆ ಡೋನಲ್ ಪಕ್ಕದ ಕುರ್ಚಿಗೆ ಬರುತ್ತಿದ್ದ. ಅವನ ಆಟದ ಕತೆ ನನಗೆ ಸಿಕ್ಕಿದ್ದು ಹಾಗೆ, ಬಿಡಿಬಿಡಿಯಾಗಿ, ಮಧ್ಯೆ ಮಧ್ಯೆ “ಅನಘಾ, ಮೊಣಕೈ! ಮೊಣಕೈ!” ಎಂಬ ಕೂಗಿನ ಜೊತೆ.

ಅವನು ಹುಟ್ಟಿದ ಊರಿನಲ್ಲಿ ಮಗು ನಡೆಯುವ ಮುಂಚೆ ಕೋಲು ಹಿಡಿಯುತ್ತದಂತೆ. ಹದಿನೇಳಕ್ಕೆ ಜಿಲ್ಲೆಯ ಹುಡುಗರ ತಂಡ. ಇಪ್ಪತ್ತಕ್ಕೆ ದೊಡ್ಡವರ ತಂಡದ ಬೆಂಚು. “ಬೆಂಚಿನಲ್ಲಿ ನಾನು ತುಂಬಾ ಚೆನ್ನಾಗಿ ಆಡ್ತಿದ್ದೆ” ಅನ್ನುತ್ತಿದ್ದ. ಒಂದೇ ಒಂದು ದೊಡ್ಡ ಮ್ಯಾಚಿನಲ್ಲಿ ಕಡೆಯ ಒಂಬತ್ತು ನಿಮಿಷ ಇಳಿಸಿದರು. ಮೂರು ಸಲ ಚೆಂಡು ಮುಟ್ಟಿದ. ಆ ಮೂರು ಸಲವನ್ನೂ ನನಗೆ ಕೈಸನ್ನೆ ಸಮೇತ ಎಷ್ಟು ಸಲ ತೋರಿಸಿದ್ದಾನೆಂದರೆ, ನಾನೇ ಆಡಿದ್ದೆನೇನೋ ಅನ್ನಿಸುವಷ್ಟು. ಆಮೇಲೆ ಊರಲ್ಲಿ ಬಡಗಿ ಕೆಲಸ ಇರಲಿಲ್ಲ. ಶಿಕಾಗೋದಲ್ಲಿತ್ತು.

ಅಲ್ಲಿ ಮಾರ್ಟಿನ್. ಪಕ್ಕದ ಹಳ್ಳಿಯವನು, ಇಟ್ಟಿಗೆ ಗಾರೆ ಕೆಲಸ. ಬೇಕರಿಯೊಂದರ ಮೇಲಿನ ಒಂದೇ ಕೋಣೆಯಲ್ಲಿ ಇಬ್ಬರೂ. ವಾರವೆಲ್ಲಾ ಜೊತೆಗೆ ಅಡುಗೆ, ಭಾನುವಾರ ಎದುರಾಳಿ ತಂಡಗಳು. ಆಗ ಹೆಲ್ಮೆಟ್ ಯಾರೂ ಹಾಕುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಶಿಕಾಗೋದ ಅರ್ಧ ಕಟ್ಟಡಗಳನ್ನು ತಲೆಗೆ ಪಟ್ಟಿ ಕಟ್ಟಿಕೊಂಡವರೇ ಕಟ್ಟುತ್ತಿದ್ದರಂತೆ. ಆ ಕಾಲದ ಬಗ್ಗೆ ಹೇಳುವಾಗ ಡೋನಲ್ ಕಣ್ಣು ಸಣ್ಣ ಮಾಡಿ ನಗುತ್ತಿದ್ದ. ಬೆಳಗಿನ ಬ್ರೆಡ್ ವಾಸನೆ, ಇಬ್ಬರ ನಡುವೆ ಇದ್ದ ಒಂದೇ ಒಳ್ಳೆಯ ಕೋಟು, ಯಾರಿಗೆ ಮೊದಲು ಮದುವೆ ಎಂಬ ಪಂದ್ಯ.

ಆಮೇಲೆ ಒಂದು ಫೈನಲ್. ಮೇಲಿನಿಂದ ಬೀಳುತ್ತಿದ್ದ ಚೆಂಡು. ಡೋನಲ್ ಕೋಲು ಬೀಸಿದ, ಮಾರ್ಟಿನ್ ಹಿಡಿಯಲು ಬಲಗೈ ಎತ್ತಿದ್ದ. ನಾಲ್ಕು ಬೆರಳು ಜಜ್ಜಿಹೋದವು.

“ತಪ್ಪು ಯಾರದ್ದೂ ಅಲ್ಲ ಅಂದ್ರು. ರೆಫರೀ ಫೌಲ್ ಕೂಡ ಕೊಡ್ಲಿಲ್ಲ” ಅಂದ ಡೋನಲ್. “ಕೊಟ್ಟಿದ್ರೆ ಚೆನ್ನಾಗಿತ್ತು.”

ಆ ಕೈ ಆಮೇಲೆ ಕರಣೆ ಹಿಡಿಯಲಿಲ್ಲ. ಮಾರ್ಟಿನ್ ಬಸ್ ಓಡಿಸಲು ಸೇರಿದ. ಡೋನಲ್ ಆಸ್ಪತ್ರೆಯ ತನಕ ಹೋಗಿ, ಬಾಗಿಲ ಮುಂದೆ ಒಂದು ಗಂಟೆ ನಿಂತು, ಒಳಗೆ ಹೋಗದೆ ಬಂದ. ಒಳಗೆ ಹೋಗಿ ಏನು ಹೇಳಬೇಕೆಂದು ತಿಳಿಯಲಿಲ್ಲವಂತೆ. ಕೋಣೆಯಿಂದ ಸಾಮಾನು ತೆಗೆದು ಡೆಟ್ರಾಯಿಟ್ ಕಡೆ ಬಂದ. ಆಮೇಲೆ ಒಂದು ಮ್ಯಾಚೂ ಆಡಲಿಲ್ಲ. ಕೋಚಾದ. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳಿಗೆ ಒಂದೇ ಪಾಠ: ಬೀಸುವ ಮುಂಚೆ ನೋಡು. ತಂಡ ಶಿಕಾಗೋಗೆ ಹೋಗುವಾಗೆಲ್ಲ ಅವನ ಅಸಿಸ್ಟೆಂಟು ಕರೆದುಕೊಂಡು ಹೋಗುತ್ತಿದ್ದ. ಯಾಕೆಂದರೆ ಅಲ್ಲಿನ ಮಕ್ಕಳ ತಂಡಕ್ಕೆ ಈಗ ಮಾರ್ಟಿನ್ನೇ ಕೋಚು.

ಆ ವರ್ಷ ಹುಡುಗ ಹುಡುಗಿಯರು ಒಟ್ಟಿಗೆ ಆಡುವ ನಮ್ಮ ಮಕ್ಕಳ ತಂಡ ಫೈನಲಿಗೆ ಬಂತು, ಅದು ನಡೆಯುವುದು ಶಿಕಾಗೋದಲ್ಲಿ. ಎದುರು ಮಾರ್ಟಿನ್‌ನ ತಂಡ. ಅದೇ ವಾರ ಅಸಿಸ್ಟೆಂಟನ ಹೆಂಡತಿಗೆ ಹೆರಿಗೆ. ರಿಜಿಸ್ಟರ್ ಆದ ಕೋಚು ಮೈದಾನದಲ್ಲಿ ಇಲ್ಲದೆ ತಂಡ ಇಳಿಯುವ ಹಾಗಿಲ್ಲ. ಪಾರ್ಕಿನಲ್ಲಿ ಡೋನಲ್ ಮಕ್ಕಳನ್ನು ಕೂರಿಸಿಕೊಂಡು, ಈ ಸಲ ಹೋಗಲಾಗುವುದಿಲ್ಲ, ಸೊಂಟನೋವು ಅಂದ. ಅನಘಾ ಹೆಲ್ಮೆಟ್ ತೆಗೆದು ಅವನನ್ನೇ ನೋಡಿದಳು.

“ಕೋಚ್, ಆರ್ ಯು ಸ್ಕೇರ್ಡ್?”

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಡೋನಲ್ ಟೋಪಿ ತೆಗೆದು ಹಾಕಿಕೊಂಡ. ತೆಗೆದು ಹಾಕಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, “ಶ್ರೀ, ನಿನ್ನ ಕಾರಿನಲ್ಲಿ ಜಾಗ ಇದೆಯಾ?” ಅಂದ. ಪೂರ್ತಿ ಶ್ರೀಕಂಠ ಅವನ ಬಾಯಿಗೆ ಒಗ್ಗುತ್ತಿರಲಿಲ್ಲ. ಆ ಸಂಜೆಯೇ ನಾನು ಪಟ್ಟಿ ಬರೆಯಲು ಕೂತದ್ದು.

ಫೈನಲ್ ಇದ್ದದ್ದು ವಿಜಯದಶಮಿಯ ಶನಿವಾರ. ಅಂದರೆ ಹಿಂದಿನ ದಿನ ಆಯುಧಪೂಜೆ. ಸೌತ್‌ಫೀಲ್ಡಿನ ಆಫೀಸಿನಿಂದ ವೀಣಾ ಬೇಗ ಬಂದು, ಗರಾಜು ಗುಡಿಸಿ, ಎರಡು ಕಾರು, ಲಾನ್ ಮೂವರ್, ನನ್ನ ಲ್ಯಾಪ್‌ಟಾಪ್, ಡ್ರಿಲ್ ಮಷೀನ್, ಮಿಕ್ಸಿ, ಅನಘಾಳ ಕೋಲು ಎಲ್ಲಕ್ಕೂ ಪೂಜೆ ಮಾಡಿದಳು. ಕಡೆಯ ಪ್ರಾಕ್ಟೀಸಿಗೆ ಕರೆಯಲು ಡೋನಲ್ ಬಂದ.

“ಅವಳ ಕೋಲು ಎಲ್ಲಿ?”

“ದೇವರ ಮುಂದೆ ಇದೆ ಅಂಕಲ್. ಈವತ್ತು ಮುಟ್ಟೋ ಹಾಗಿಲ್ಲ, ನಾಳೆ ಬೆಳಿಗ್ಗೆ ಮಂಗಳಾರತಿ ಆದ್ಮೇಲೇ ತಗೋಬೇಕು” ಅಂದಳು ವೀಣಾ.

“ಫೈನಲ್ ಹಿಂದಿನ ದಿನ?”

“ಹೌದು.”

ಅವನು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ. “ಒಳ್ಳೆ ನಿಯಮ. ನಮಗೆ ಯಾರಾದ್ರೂ ಹೀಗೆ ಹೇಳಿದ್ರೆ ಹಿಂದಿನ ದಿನ ನೆಟ್ಟಗೆ ಊಟನಾದ್ರೂ ಮಾಡ್ತಿದ್ವಿ” ಎಂದು ಕೂತು ಚಿತ್ರಾನ್ನ ತಿಂದ. ಮೆಣಸಿನಕಾಯಿಯನ್ನು ಪಕ್ಕಕ್ಕಿಡುವುದನ್ನು ಅವನು ಕಲಿತಿದ್ದ. ತಿನ್ನುತ್ತಾ, ಇದೆಲ್ಲಾ ಯಾಕೆ ಮಾಡುತ್ತೀರಿ ಎಂದು ಕೇಳಿದ.

ಅಪ್ಪನ ಟೂಲ್ ರೂಮಿನ ಆಯುಧಪೂಜೆ ಹೇಳಿದೆ. ವರ್ಷಕ್ಕೊಂದು ದಿನ ನಮ್ಮನ್ನು ಒಳಗೆ ಬಿಡುತ್ತಿದ್ದರು. ದಿನಾ ಕಿವಿ ಹರಿಯುವಂತೆ ಕೂಗುವ ಮಷೀನುಗಳೆಲ್ಲ ಅಂದು ಸ್ನಾನ ಮಾಡಿಸಿದ ಎಮ್ಮೆಗಳ ಹಾಗೆ ಸುಮ್ಮನೆ ನಿಂತಿರುತ್ತಿದ್ದವು. ಲೇತಿಗೆ ಚೆಂಡುಹೂವಿನ ಹಾರ, ನೆಲದಲ್ಲಿ ಒಡೆದ ಬೂದುಗುಂಬಳಕಾಯಿ, ಕಡಲೆಪುರಿ ಬೆರೆತ ಗ್ರೀಸಿನ ವಾಸನೆ. ಅಪ್ಪನ ಜೊತೆಯವರೊಬ್ಬರ ಎರಡು ಬೆರಳು ಪ್ರೆಸ್ಸಿಗೆ ಹೋಗಿದ್ದವು. ಅವರೇ ಪ್ರತಿವರ್ಷ ಆ ಪ್ರೆಸ್ಸಿಗೆ ಕುಂಕುಮ ಹಚ್ಚುತ್ತಿದ್ದರು, ಉಳಿದ ಮೂರು ಬೆರಳಲ್ಲಿ. ಇದಕ್ಕೆ ಯಾಕಪ್ಪಾ ಕೈಮುಗಿಯಬೇಕು ಎಂದು ನಾನು ಕೇಳಿದಾಗ ಅಪ್ಪ, “ಇನ್ನೇನಿಲ್ಲ ಮರಿ, ಈ ವರ್ಷ ಯಾರ ಬೆರಳೂ ತಗೋಬೇಡ ಅಂತ ಕೇಳ್ಕೊಳ್ಳೋದು ಅಷ್ಟೆ” ಅಂದಿದ್ದರು.

ಹೇಳಿ ಮುಗಿಸಿದ ಮೇಲೆ ನಾನು ಏನು ಹೇಳಿದೆನೆಂದು ನನಗೆ ಹೊಳೆಯಿತು. ಡೋನಲ್ ತಟ್ಟೆ ಕೆಳಗಿಟ್ಟಿದ್ದ. ಎದ್ದು ಗರಾಜಿಗೆ ಹೋಗಿ ಕೋಲಿನ ಮುಂದೆ ಸ್ವಲ್ಪ ಹೊತ್ತು ನಿಂತ. ಕೈ ಮುಗಿಯಲಿಲ್ಲ. ಟೋಪಿ ತೆಗೆದ.

ಬೆಳಿಗ್ಗೆ ಐದಕ್ಕೆ ಹೊರಟೆವು. ಮಂಗಳಾರತಿ ಮಾಡಿ, ಕಾರಿನ ನಾಲ್ಕು ಚಕ್ರದಡಿ ನಿಂಬೆಹಣ್ಣು ಒಡೆದು. ಮ್ಯಾಚು ಮಧ್ಯಾಹ್ನ ಒಂದಕ್ಕೆ. ದಾರಿ ನಾಲ್ಕು ಗಂಟೆ. ಶಿಕಾಗೋ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ. ಅಂದರೆ ಎಂಟಕ್ಕೆ ಅಲ್ಲಿದ್ದೆವು. ಮೈದಾನದ ಗೇಟಿಗೆ ಬೀಗ. ಒಂದು ನರಪಿಳ್ಳೆಯಿಲ್ಲ. ನಲವತ್ತೊಂದು ಡಿಗ್ರಿ ಚಳಿ, ನಮ್ಮೂರ ಸೆಲ್ಸಿಯಸ್ ಲೆಕ್ಕದಲ್ಲಿ ಬರೀ ಐದು.

“ಹೇಗೂ ಬಂದಿದೀವಿ, ಗೇಟ್ ಮುಂದೆ ಸಾರಿಸಿ ರಂಗೋಲಿ ಇಡ್ಲಾ?” ಅಂದಳು ವೀಣಾ.

“ಅಪ್ಪಾ, ಈವನ್ ದ ಗ್ರಾಸ್ ಈಸ್ ಸ್ಲೀಪಿಂಗ್” ಅಂದಳು ಅನಘಾ.

ಡೋನಲ್ ಕಾರು ತಿರುಗಿಸು ಎನ್ನುವನೆಂದು ನಾನು ದಾರಿಯಲ್ಲಿ ಒಂದೊಂದು ಎಕ್ಸಿಟ್ ಬಂದಾಗಲೂ ಅವನನ್ನು ನೋಡಿದ್ದೆ. ಅವನು ಕೈಯೆರಡೂ ಮೊಣಕಾಲಿನ ಮೇಲಿಟ್ಟುಕೊಂಡು, ದಂತವೈದ್ಯರ ಸರದಿಗೆ ಕಾಯುವವನಂತೆ ಕೂತಿದ್ದ. ಚಿಂತೆಯ ವಿಷಯದಲ್ಲಿ ನಾನು ನಲವತ್ತು ವರ್ಷದ ಅನುಭವಸ್ಥ. ಆದರೆ ನನ್ನವೆಲ್ಲ ಮುಂದೆ ಆಗಬಹುದಾದವು. ಆಗಿಹೋದದ್ದೊಂದನ್ನು ಇಷ್ಟು ಕಾಲ ಹೊತ್ತವನಿಗೆ ಹೇಳಲು ನನ್ನ ಹತ್ತಿರ ಏನಿತ್ತು? ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ಕುಡಿದ.

ಒಂದು ಗಂಟೆಗೆ ಆಟ ಶುರುವಾಯಿತು. ಆಚೆ ಬದಿಯಲ್ಲಿ ಎತ್ತರದ, ಸ್ವಲ್ಪ ಬಾಗಿದ ಒಬ್ಬ ಮುದುಕ. ಬಲಗೈ ಜಾಕೆಟ್ಟಿನ ಜೇಬಿನಲ್ಲಿ. ಈಚೆ ಬದಿಯಲ್ಲಿ ಡೋನಲ್. ಇಬ್ಬರೂ ಚೆಂಡನ್ನಷ್ಟೇ ನೋಡಿದರು. ಮೈದಾನ ಅಷ್ಟು ಅಗಲವಾಗಿರುವುದು ಇಂಥವರಿಗಾಗಿಯೇ ಇರಬೇಕು. ಮೊದಲರ್ಧ ಹಾಗೇ ಮುಗಿಯಿತು. ಹೀಗೇ ಎರಡನೆಯದೂ ಮುಗಿದು, ದೂರದಿಂದ ತಲೆಯಾಡಿಸಿ, ಕಾರು ಹತ್ತಿ ಹೋಗುತ್ತೇವೆ ಅಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಸ್ವಲ್ಪ ಸಮಾಧಾನವೂ ಆಯಿತು.

ಎರಡನೆಯ ಅರ್ಧದ ನಡುವೆ ಸೀಟಿ ಕೇಳಿತು. ಆಟ ನಿಂತಿತು. ಶಿಕಾಗೋ ತಂಡದ ಒಬ್ಬಳ ಹಳದಿ ಅಂಗಿಯ ಭುಜದ ಮೇಲೆ ಕೆಂಪು. ಅವಳಿಗೆಲ್ಲೂ ಗಾಯವಿಲ್ಲ. ಅನಘಾಳ ಅಂಗೈ ಕೆಂಪು. ಅವಳಿಗೂ ಇಲ್ಲ. ರೆಫರೀ ಅವಳ ಕೋಲು ಇಸಿದುಕೊಂಡು ನೋಡಿದ. ಯಾರಿಗಾದರೂ ರಕ್ತ ಬಂದರೆ ಆಟ ನಿಲ್ಲಿಸಿ ಹೊರಗೆ ಕಳಿಸಬೇಕೆಂದು ನಿಯಮ. ಇಲ್ಲಿ ರಕ್ತ ಇದೆ, ಅದರ ಯಜಮಾನ ಇಲ್ಲ. ಅವನು ಕೋಲನ್ನು ಮೇಲೆತ್ತಿ ಇಬ್ಬರೂ ಕೋಚುಗಳನ್ನು ಕರೆದ.

ನಾನು ವೀಣಾಳ ಕಡೆ ತಿರುಗಿದೆ. “ಏನು ಹಚ್ಚಿದೀಯೇ ಅದಕ್ಕೆ?”

“ಕುಂಕುಮ.”

“ಒಣ ಕುಂಕುಮ ಹೀಗೆ ಹತ್ತುತ್ತಾ?”

“ಅಷ್ಟು ದೂರ ಹೋಗೋ ಹೊತ್ತಿಗೆ ಉದುರಿ ಹೋಗುತ್ತೆ ಅಂತ ಬೆಳಿಗ್ಗೆ ಎಣ್ಣೇಲಿ ಕಲಸಿ ಇನ್ನೊಂದ್ಸಲ ಹಚ್ಚಿದೆ. ಹೋಗ್ರೀ, ನಿಂತ್ಕೊಂಡು ನನ್ನನ್ನ ಕೇಳ್ತೀರಲ್ಲ, ಹೋಗಿ ಹೇಳಿ!”

ಡೋನಲ್ ಇನ್ನೂ ನಿಂತಲ್ಲೇ ಇದ್ದ. ರೆಫರೀ ಇನ್ನೊಂದು ಸಲ ಸೀಟಿ ಊದಿದ. ಆಚೆಯಿಂದ ಮಾರ್ಟಿನ್ ಹೊರಟಾಗಿತ್ತು. ಆಮೇಲೆ ಡೋನಲ್ ಆ ಸೊಂಟ ಎಳೆದುಕೊಂಡು ಹೆಜ್ಜೆ ಇಟ್ಟ. ಬೆನ್ನ ಹಿಂದೆ ನಾನು. ನನ್ನ ಜೀವಮಾನದಲ್ಲಿ ಮೈದಾನದ ನಡುವಿಗೆ ಹೋದದ್ದು ಅದೇ ಮೊದಲು.

ಮಾರ್ಟಿನ್ ಜೇಬಿನಿಂದ ಬಲಗೈ ತೆಗೆದು ಕೋಲು ಇಸಿದುಕೊಂಡ. ಮಡಚಲು ಬಾರದ, ಅಡ್ಡಾದಿಡ್ಡಿ ಕೂತ ನಾಲ್ಕು ಬೆರಳು. ಹೆಬ್ಬೆರಳಿನಲ್ಲಿ ಕೆಂಪನ್ನು ಉಜ್ಜಿದ. ಡೋನಲ್ ಕೋಲನ್ನು ನೋಡುತ್ತಿರಲಿಲ್ಲ, ಆ ಕೈಯನ್ನು ನೋಡುತ್ತಿದ್ದ.

“ರಕ್ತಾನಾ, ಡೋನಲ್?”

“ಈ ಸಲ ಅಲ್ಲ, ಮಾರ್ಟಿನ್.”

ಅಷ್ಟೆ. ಮಕ್ಕಳು ದೂರದಲ್ಲಿ ನೀರು ಕುಡಿಯುತ್ತಿದ್ದರು. ರೆಫರೀ ಚಿಕ್ಕ ವಯಸ್ಸಿನವನು, ಪಾಪ, ಏನೂ ತಿಳಿಯದೆ, “ಹಾಗಾದ್ರೆ ಇದೇನು?” ಅಂದ.

ನಾನು ಗಂಟಲು ಸರಿಮಾಡಿಕೊಂಡೆ. “ಸರ್, ವರ್ಷಕ್ಕೊಂದು ದಿನ ನಾವು ಕೆಲಸದ ಸಾಮಾನಿಗೆಲ್ಲ ಪೂಜೆ ಮಾಡ್ತೀವಿ. ಇದು ಅದರ ಬಣ್ಣ.”

“ಕೆಲಸದ ಸಾಮಾನು ಅಂದ್ರೆ?”

“ಸುತ್ತಿಗೆ, ಕಂಪ್ಯೂಟರು, ಕಾರು...”

“ಕಾರಿಗೂ? ಏನಂತ ಪ್ರಾರ್ಥನೆ ಮಾಡ್ತೀರಿ ಕಾರಿಗೆ?”

ಗಾಬರಿಯಲ್ಲಿ ಬಾಯಿಗೆ ಬಂದದ್ದು ಅಪ್ಪನ ಮಾತೇ. “ಈ ವರ್ಷ ಯಾರ ಬೆರಳೂ ತಗೋಬೇಡ ಅಂತ.”

ಹೇಳಿದ ಕ್ಷಣವೇ ನಾಲಿಗೆ ಕಚ್ಚಿಕೊಂಡೆ. ಇಡೀ ಶಿಕಾಗೋದಲ್ಲಿ ಆ ಮಾತು ಆಡಬಾರದ ಜಾಗ ಒಂದಿದ್ದರೆ ಅದು ನಾನು ನಿಂತ ಜಾಗ. ಮಾರ್ಟಿನ್ ತನ್ನ ಕೈ ನೋಡಿಕೊಂಡ. ಕೋಲು ನೋಡಿದ. ಆಮೇಲೆ ಅವನ ಭುಜ ಅಲುಗಿತು. ನಗುತ್ತಿದ್ದ.

“ಆ ವರ್ಷ ಈ ಪೂಜೆ ನೀನೂ ಮಾಡಿಸ್ಬೇಕಿತ್ತು ಕಣೋ, ಡೋನಲ್.”

“ಆಸ್ಪತ್ರೆಗೆ ಬಂದಿದ್ದೆ ನಾನು” ಅಂದ ಡೋನಲ್.

“ಗೊತ್ತು. ಬಾಗಿಲ ಗಾಜಿನಲ್ಲಿ ನಿನ್ನ ಕೆಂಪು ಕೂದಲು ಕಾಣಿಸ್ತಿತ್ತು. ಒಂದು ಗಂಟೆ.” ಮಾರ್ಟಿನ್ ಕೋಲನ್ನು ಅವನಿಗೆ ಕೊಟ್ಟ. “ಒಳಗೆ ಬರ್ತೀಯ ಅಂತ ಕುರ್ಚಿ ಮೇಲಿದ್ದ ಬಟ್ಟೆ ತೆಗೆಸಿದ್ದೆ.”

ರೆಫರೀ ಕೈಗಡಿಯಾರ ನೋಡಿ, “ಆಟ ಆಡೋಣವಾ?” ಅಂದ. ಡೋನಲ್ ತನ್ನ ಅಂಗಿಯ ಚುಂಗಿನಲ್ಲಿ ಕೋಲು ಒರೆಸಿದ, ಬಹಳ ಹೊತ್ತು ಒರೆಸಿದ. ಅನಘಾಗೆ ಕೊಟ್ಟು, “ಮೊಣಕೈ” ಅಂದ. ಅವಳು ಅಂದು ಮಾತ್ರ ಎದುರು ಮಾತಾಡದೆ ಓಡಿದಳು.

ಎರಡು ಪಾಯಿಂಟಿನಲ್ಲಿ ಸೋತೆವು. ಅದನ್ನು ನಾನು ಅನಾಹುತಗಳಲ್ಲಿ ಸೇರಿಸುವುದಿಲ್ಲ. ಹನ್ನೊಂದು ಗೋಲು ಬಿಟ್ಟವನಿಗೆ ಎರಡು ಪಾಯಿಂಟು ಗೆದ್ದ ಹಾಗೆಯೇ. ಆಟ ಮುಗಿದ ಮೇಲೆ ಮುದುಕರಿಬ್ಬರೂ ಖಾಲಿ ಗ್ಯಾಲರಿಯಲ್ಲಿ ಕೂತರು. ನಮ್ಮ ಪುಳಿಯೋಗರೆ ಡಬ್ಬಿ ಅವರ ನಡುವೆ ಇತ್ತು. ನಾಲ್ಕು ಗಂಟೆಗೆ ನಾನು ಹತ್ತಿರ ಹೋಗಿ ಕೆಮ್ಮಿದಾಗ, ಡೋನಲ್ ತಲೆಯೆತ್ತಿ, “ನೀವು ಹೊರಡಿ ಶ್ರೀ. ನಾನು ಇವನ ಮನೇಲಿ ಇರ್ತೀನಿ. ಮಂಗಳವಾರ ರೈಲಿಗೆ ಬರ್ತೀನಿ” ಅಂದ.

ಹೀಗೆ ಹಠಾತ್ತಾಗಿ ಯೋಜನೆ ಬದಲಾದರೆ ನನಗೆ ತಕ್ಷಣ ಇನ್ನೊಂದು ಪಟ್ಟಿ ಬೇಕು. ಬಿ.ಪಿ. ಮಾತ್ರೆ ಇದೆಯಾ ಎಂದು ಕೇಳಿದೆ. ಇತ್ತು. ಫೋನ್ ಚಾರ್ಜರ್? ಇರಲಿಲ್ಲ, ನನ್ನದು ಕೊಟ್ಟೆ. ಸ್ವೆಟರ್, ಕನ್ನಡಕ, ಮನೆ ಕೀ, ಸೊಂಟದ ಡಾಕ್ಟರ ನಂಬರ್? ಮಾರ್ಟಿನ್ ನನ್ನನ್ನು ನೋಡಿ, “ನಿಮ್ಮ ತಾಯಿ ಕೂಡ ಹೀಗೇನಾ?” ಅಂದ. ಎಲ್ಲವನ್ನೂ ಎರಡು ಸಲ ಕೇಳಿ, ತೃಪ್ತನಾಗಿ, ಕಾರು ಹತ್ತಿದೆ. ಹಿಂದಿನ ಸೀಟಿನಲ್ಲಿ ಅನಘಾ ಇಂಡಿಯಾನಾ ದಾಟುವ ಮುಂಚೆಯೇ ನಿದ್ದೆ ಹೋದಳು. ವೀಣಾ, “ನೋಡಿ, ಏನಾದ್ರೂ ತಪ್ಪಾಯ್ತಾ? ಸುಮ್ನೆ ಒಂದು ವಾರ ನಿದ್ದೆಗೆಟ್ರಿ” ಅಂದಳು. ಒಪ್ಪಿಕೊಂಡೆ. ಮದುವೆಯಾದ ಮೇಲೆ ಮೂರನೆಯ ಸಲ ಇರಬೇಕು.

ಮುಂಚೆಯೇ ಹೇಳಬೇಕಿದ್ದ ಒಂದು ವಿಷಯ ಬಿಟ್ಟುಬಿಟ್ಟೆ. ಅಂದೂ ನನಗೆ ಮರೆತೇ ಹೋಗಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಚೆಂಡು ಡೋನಲ್‌ನ ಮುಂದಿನ ನಾಲ್ಕು ಮೇಲ್‌ಹಲ್ಲುಗಳನ್ನು ತೆಗೆದುಕೊಂಡು ಹೋಗಿತ್ತು. ಆಗಿನಿಂದ ಅವನ ಅಭ್ಯಾಸ: ಆಟ ಶುರುವಾಗುವ ಮುಂಚೆ ಕಟ್ಟಿಸಿಕೊಂಡ ಹಲ್ಲು ತೆಗೆದು, ನಂಬಿಕಸ್ಥರೊಬ್ಬರ ಕೈಗೆ ಕೊಡುವುದು. ಆಡುವುದು ಬಿಟ್ಟು ಮೂವತ್ತು ವರ್ಷವಾದರೂ, ಗೆರೆಯಾಚೆ ನಿಂತು ಕೂಗುವುದಷ್ಟೇ ಕೆಲಸವಾದರೂ, ತೆಗೆಯಲೇಬೇಕು. ಇಟ್ಟುಕೊಳ್ಳುತ್ತಿದ್ದವನು ಅಸಿಸ್ಟೆಂಟು. ಅಂದು ಒಂದು ಗಂಟೆಗೆ ಎರಡು ನಿಮಿಷ ಇರುವಾಗ ಆ ಗೌರವ ನನ್ನ ಪಾಲಿಗೆ ಬಂತು, ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಬಿದ್ದುಹೋದೀತೆಂದು ಒಳಗಿನ ಅಂಗಿಯ ಜೇಬಿಗೆ ಹಾಕಿ, ಅದರ ಜಿಪ್ ಎಳೆದು, ಮೇಲೆ ಜಾಕೆಟ್ ಹಾಕಿ, ಅದರ ಜಿಪ್ಪನ್ನೂ ಎಳೆದಿದ್ದೆ. ಮೈದಾನದ ನಡುವೆ ಅವನು ಆಡಿದ ಮಾತುಗಳನ್ನು ನಾನು ಮೇಲೆ ಎಷ್ಟು ಸ್ಪಷ್ಟವಾಗಿ ಬರೆದಿದ್ದೇನೋ, ಅಷ್ಟು ಸ್ಪಷ್ಟವಾಗಿ ಅವು ಕೇಳಿರಲಿಲ್ಲ.

ಕಲಮಜೂ ದಾಟಿದ ಮೇಲಿನ ರೆಸ್ಟ್ ಏರಿಯಾದಲ್ಲಿ ಕಾಫಿಗೆ ಇಳಿದಾಗ ಫೋನ್ ಬಂತು. ಮಾರ್ಟಿನ್.

“ಶ್ರೀ, ನನ್ನ ಹೆಂಡತಿ ಡೋನಲ್ ಬಂದ ಅಂತ ಇಷ್ಟು ದೊಡ್ಡ ಮಾಂಸದ ತುಂಡು ಹುರಿದು ಮೇಜಿನ ಮೇಲಿಟ್ಟಿದಾಳೆ. ಇವನು ಆಲೂಗಡ್ಡೆ ಕಿವುಚಿಕೊಂಡು ತಿಂತಾ ನಿಮ್ಮನ್ನೇ ನೆನೆಸ್ಕೊಳ್ತಿದಾನೆ.”

ಹಿಂದಿನಿಂದ ಡೋನಲ್ ಏನೋ ಕೂಗಿದ. ಅಕ್ಷರ ಒಂದೂ ತಿಳಿಯಲಿಲ್ಲ. ಆಮೇಲೆ ಇಬ್ಬರೂ ನಗುವುದು ಕೇಳಿಸಿತು, ಇಪ್ಪತ್ತರ ಹುಡುಗರು ನಗುವ ಹಾಗೆ, ನಿಲ್ಲಿಸಲಾಗದೆ. ನಾನು ಎರಡು ಜಿಪ್ ಬಿಚ್ಚಿ ಡಬ್ಬಿ ಹೊರತೆಗೆದು ಕಿವಿಯ ಹತ್ತಿರ ಅಲುಗಾಡಿಸಿದೆ. ನೂರ ನಲವತ್ತು ಮೈಲಿ ಈಚೆ, ನಾಲ್ಕು ಹಲ್ಲು ಭದ್ರವಾಗಿದ್ದವು.